ಕಲ್ಲವ್ವ ಕೋಟೆ ಹತ್ತಿದ ದಿನ

ನಮ್ಮೂರ ಕೋಟೆಗೆ ಸಾವಿರದ ಏಳುನೂರ ನಲವತ್ತು ಮೆಟ್ಟಿಲು. ಇಪ್ಪತ್ತೇಳು ವರ್ಷ, ದಿನಕ್ಕೆ ಎರಡು ಸಲದಂತೆ ಆ ಮೆಟ್ಟಿಲುಗಳ ದಣಿವನ್ನೆಲ್ಲ ಉಂಡಿದ್ದೇನೆ. ಮೊದಲನೇ ಮೆಟ್ಟಿಲಿನ ಮೇಲೆ ಮಾತ್ರ ಒಂದು ಸಲವೂ ಕಾಲಿಟ್ಟವನಲ್ಲ. ನಾನು ದಣಿವಿನವನು, ಹೆಸರು ಭರಮಣ್ಣ. ಬೆಟ್ಟದ ಬುಡದಲ್ಲಿ, ಬಸ್ಸು ನಿಲ್ಲುವ ಜಾಗದಿಂದ ನೂರು ಹೆಜ್ಜೆ ಆಚೆಗೆ, ಹುಣಸೆಮರಗಳ ನೆರಳಿನಲ್ಲಿ ಉದ್ದಾನೆಯ ಕಟ್ಟೆಯೊಂದಿದೆ. ಅದರ ಮೇಲೆ ಸಾಲಾಗಿ ಹದಿನಾಲ್ಕು ಜನ ಕುಳಿತಿರುತ್ತೇವೆ. ಕೋಟೆ ನೋಡಲು ಬಂದವರು ನಮ್ಮ ಕೈಯಲ್ಲಿ ಕೈಯಿಟ್ಟು 'ನನ್ನ ದಣಿವು ಹಿಡಿ' ಅನ್ನಬೇಕು, ನಾವು 'ಹಿಡಿದೆ, ಹೋಗಿ ಬಾ' ಅನ್ನಬೇಕು. ಅಷ್ಟಾದರೆ ಮುಗಿಯಿತು. ಅವರು ಮೇಲೆ ಹತ್ತುತ್ತ ಹೋಗುತ್ತಾರೆ, ಇಲ್ಲಿ ಕೆಳಗೆ ನಮ್ಮ ಮೊಣಕಾಲು ನಡುಗುತ್ತದೆ.

ಮೇಲೆ ಹೋಗದಿದ್ದರೂ ಕೋಟೆ ನನ್ನ ಕಾಲಿಗೆ ಗೊತ್ತು. ಇನ್ನೂರನೇ ಮೆಟ್ಟಿಲಿನ ಹತ್ತಿರ ಮೀನಖಂಡ ಬಿಗಿದರೆ ಮೊದಲ ಬಾಗಿಲು ಬಂತು ಎಂದು ಅರ್ಥ. ಆರುನೂರಕ್ಕೆ ಎದೆ ಏದುತ್ತದೆ, ಅದು ಫಿರಂಗಿ ಬುರುಜು. ರಾಣಿಕೊಳದ ಬಳಿ ಎಲ್ಲರೂ ಕೂರುತ್ತಾರೆ, ಆಗ ನಾವೂ ಒಂದು ಎಲೆಯಡಿಕೆ ಹಾಕಿಕೊಳ್ಳುತ್ತೇವೆ. ಸಾವಿರದ ನೂರರ ಆಚೆಗೆ ಮೆಟ್ಟಿಲು ವಿಪರೀತ ಎತ್ತರ. ಯಾವನೋ ರಾಜ ಆನೆ ಹತ್ತಲಿ ಎಂದು ಕಟ್ಟಿಸಿದನಂತೆ. ಆನೆಯನ್ನೇ ಹತ್ತಿಸಿಕೊಳ್ಳಬೇಕಿತ್ತು ಎಂದು ದಿನವೂ ಅವನನ್ನು ಬಯ್ಯುತ್ತೇವೆ. ಹೊಸದಾಗಿ ಮದುವೆಯಾದವರು ಸಿಕ್ಕರೆ ನಮಗೆ ಹಬ್ಬ. ತಿರುವಿಗೊಂದು ಸಲ ನಿಂತು ಬಿಡುತ್ತಾರೆ. ಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟರ ಕೈ ಮಾತ್ರ ಯಾರಿಗೂ ಬೇಡ. ಒಂದೇ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ, ನಾಲ್ಕು ಸಲ ಇಳಿಯುವವರು ಅವರು.

ಪ್ರವಾಸೋದ್ಯಮದವರು ಬಸ್ಸಿನ ಜಾಗದಲ್ಲಿ ಒಂದು ಹಳದಿ ಬೋರ್ಡು ಹಾಕಿದ್ದಾರೆ. 'ನೋಡತಕ್ಕ ಏಳು ಸ್ಥಳಗಳು' ಎಂದು ಅದರ ತಲೆಬರಹ. ಮೊದಲ ಬಾಗಿಲು, ಬುರುಜು, ರಾಣಿಕೊಳ, ಗಾಳಿಗುಡಿ, ನೂರು ಕಿಟಕಿಯ ಅರಮನೆ, ಸೂರ್ಯನ ಬಂಡೆ, ಇಷ್ಟು ಮೇಲಿನವು. ಏಳನೆಯದು ನಾವು. ಹತ್ತಲಾರದೆ ಕೆಳಗೇ ಉಳಿದವರು ನಮ್ಮ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ನಾಲಗೆ ಹೊರಹಾಕಿ ಏದುತ್ತಿದ್ದರೆ "ಅಂಕಲ್, ಸ್ವಲ್ಪ ನಗಿ" ಅನ್ನುತ್ತಾರೆ. ನಗುತ್ತೇವೆ, ನಗುವುದಕ್ಕೇನು ಮೆಟ್ಟಿಲು ಹತ್ತಬೇಕೆ?

ಕಟ್ಟೆಗೆ ಎರಡೇ ಕಟ್ಟಳೆ. ಕೈ ಕೊಟ್ಟವರು ಇಳಿದು ಬಂದು ಕೊನೆಯ ಮೆಟ್ಟಿಲು ದಾಟುವ ತನಕ ನಾವು ಕಟ್ಟೆ ಬಿಟ್ಟು ಏಳಬಾರದು. ಎದ್ದೆವೋ, ಹಿಡಿದದ್ದೆಲ್ಲ ಒಂದೇ ಏಟಿಗೆ ಅವರಿಗೆ ವಾಪಸು. ಹಿಂದೆ ನಮ್ಮವನೊಬ್ಬ ತನ್ನ ಬುತ್ತಿಗೆ ಬಾಯಿ ಹಾಕಿದ ಆಡನ್ನು ಓಡಿಸಲು ಎದ್ದು ನಾಲ್ಕು ಹೆಜ್ಜೆ ಹೋದ. ಮೇಲೆ ಗಾಳಿಗುಡಿಯಲ್ಲಿ ಕೈ ಮುಗಿದು ನಿಂತಿದ್ದ ಬಟ್ಟೆ ವ್ಯಾಪಾರಿಯೊಬ್ಬ ಮುಗಿದ ಕೈಯಲ್ಲೇ ದೊಪ್ಪೆಂದು ಬಿದ್ದ. ಅವನನ್ನು ಡೋಲಿಯಲ್ಲಿ ಇಳಿಸಿಕೊಂಡು ಬಂದರು. ದೇವರು ಕಾಲಿಗೆ ಬೀಳಿಸಿಕೊಂಡ ಎಂದೇ ಆತ ಇವತ್ತಿಗೂ ನಂಬಿದ್ದಾನೆ, ನಾವೂ ಬಿಡಿಸಿ ಹೇಳಲು ಹೋಗಿಲ್ಲ.

ಎರಡನೆಯ ಕಟ್ಟಳೆ, ಮನೆಯವರ ಕೈ ಹಿಡಿಯಬಾರದು. ಪರರ ಕೈಯಿಂದ ಆ ಹೊತ್ತು ಹತ್ತಿದ ದಣಿವಷ್ಟೇ ಬರುತ್ತದೆ. ಮನೆಯವರ ಕೈಯಿಂದ ಆ ಮನೆಗಾಗಿ ದಣಿದದ್ದೆಲ್ಲ ಬರುತ್ತದೆ, ಹೊಸದು ಮೊದಲು, ಹಳೆಯದು ಆಮೇಲೆ. ಕಟ್ಟೆಯ ಹಿರಿಯ ಬೂದೆಪ್ಪಜ್ಜನ ಸೋದರಮಾವ ಒಮ್ಮೆ ಹೆತ್ತ ತಾಯಿಯ ಕೈ ಹಿಡಿದನಂತೆ. ಬಿತ್ತನೆಗೆ ಮಲಗಿದವನು ಸುಗ್ಗಿಗೆ ಎದ್ದ ಎಂದು ಅಜ್ಜ ಹೇಳುತ್ತಿದ್ದ. ಆ ತಾಯಿ ಒಂಬತ್ತು ಮಕ್ಕಳನ್ನು ಸಾಕಿದವಳು, ಅದಕ್ಕೇ ಹಾಗಾಯಿತು ಎಂದು ನಾನು ತಿಳಿದಿದ್ದೆ. ನನ್ನ ಮನೆಯಲ್ಲಿ ಇದ್ದದ್ದಾದರೂ ಎಷ್ಟು ಜನ, ಇಬ್ಬರು ಹೆಣ್ಣುಮಕ್ಕಳು, ನನ್ನ ಅವ್ವ ಮತ್ತು ನಾನು.

ಕಲ್ಲವ್ವ ನನ್ನ ಹೆಂಡತಿ. ಬಯಲುಸೀಮೆಯವಳು, ಅವಳ ತವರಿನಲ್ಲಿ ಹುತ್ತವೇ ದೊಡ್ಡ ಗುಡ್ಡ. ಸಂಬಂಧ ಕೂಡಿಸಿದವನು "ಹಿತ್ತಲಾಗ ನಿಂತ್ರ ಕೋಟಿ ಕಾಣ್ತೈತಿ, ಮನಸ್ಸು ಬಂದಾಗ ಹತ್ತಿ ಬರಬಹುದು" ಎಂದು ಅವಳಿಗೆ ಆಸೆ ಹಚ್ಚಿದ್ದ. ಕಾಣುವುದೇನೋ ನಿಜ. ಸಂಜೆ ಪಾತ್ರೆ ತೊಳೆಯುವ ಹೊತ್ತಿಗೆ ಇಳಿಬಿಸಿಲು ಅರಮನೆಯ ಮೇಲೆ ಬಿದ್ದು ಕಿಟಕಿಗಳೆಲ್ಲ ಬೆಳಗುತ್ತವೆ. ಅವಳು ಬೂದಿಗೈಯಲ್ಲೇ ಅವನ್ನು ಎಣಿಸುತ್ತಿದ್ದಳು. ಯಾವಾಗ ಎಣಿಸಿದರೂ ತೊಂಬತ್ತೇಳು. ಉಳಿದ ಮೂರು ಹಿಂದಿನ ಗೋಡೆಗೆ ಇರಬೇಕು, ಮೇಲೆ ಹೋದಾಗ ನೋಡಬೇಕು ಅನ್ನುತ್ತಿದ್ದಳು. ನಾನು ಮುಂದಿನ ವರ್ಷ ಅನ್ನುತ್ತಿದ್ದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನನ್ನ ಮುಂದಿನ ವರ್ಷ ಬಂದಿರಲಿಲ್ಲ.

ಅದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದೇ ನನ್ನ ಲೆಕ್ಕ. ದಣಿವಿನವನು ಸಂಜೆ ಆರಕ್ಕೆ ಮನೆಗೆ ಬಂದರೆ ಹಾಸಿಗೆಗೆ ಬಿದ್ದ ಕೊರಡು. ಕಲ್ಲವ್ವ ಎಣ್ಣೆ ಬಿಸಿ ಮಾಡಿ ಕಾಲು ತಿಕ್ಕಿದರೆ ಮಾತ್ರ ಮರುದಿನ ಏಳುವುದು. ಅದಕ್ಕೇ ಸುತ್ತಿನ ಊರಿನವರು ನಮಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ನನಗೆ ಕೊಟ್ಟಾಗ ನಾನಿನ್ನೂ ಕಟ್ಟೆ ಹತ್ತಿರಲಿಲ್ಲ, ಹಾಗಾಗಿ ಬಚಾವಾದೆ.

ಹೋದ ಚಳಿಗಾಲದಲ್ಲಿ ಅವಳ ಬಲ ಮೊಣಕಾಲು ಬಾತುಕೊಂಡಿತು. ಡಾಕ್ಟರು ಹಿಚುಕಿ ನೋಡಿ, ಸವೆದಿದೆ, ಇನ್ನೊಂದು ವರ್ಷ ಕಳೆದರೆ ಅಟ್ಟದ ಏಣಿಯನ್ನೂ ಹತ್ತುವಂತಿಲ್ಲ ಅಂದರು. ಮನೆಗೆ ಬಂದವಳು ಚೀಲ ಗೂಟಕ್ಕೆ ಹಾಕಿ, ನೀರು ಕುಡಿದು, ನನ್ನ ಎದುರಿಗೆ ಕುಳಿತಳು.

"ಬರೋ ಸೋಮವಾರ ನಾ ಕೋಟಿ ಹತ್ತತೀನಿ," ಅಂದಳು. "ನಿಮ್ಮನ್ನ ಕೇಳಾಕತ್ತಿಲ್ಲ, ಹೇಳಾಕತ್ತೀನಿ. ಕಟ್ಟಿ ಮ್ಯಾಲ ಯಾರರ ಒಬ್ಬರಿಗೆ ಹೇಳಿಡ್ರಿ."

ದನಿ ಎತ್ತರಿಸಿರಲಿಲ್ಲ. ಈ ಸಲ ಹತ್ತದಿದ್ದರೆ ಅವಳು ಸಾಯುವ ತನಕ ಹಿತ್ತಲಲ್ಲಿ ನಿಂತು ತೊಂಬತ್ತೇಳೇ ಎಣಿಸಬೇಕು. ಅದು ನನಗೂ ತಿಳಿಯಿತು. ಹೂಂ ಅಂದೆ.

ಮರುದಿನ ಕಟ್ಟೆಯ ಮೇಲೆ ಸುದ್ದಿ ಹೇಳಿದೆ. ನನ್ನ ಎಡಕ್ಕೆ ಕೂರುವವಳು ದಾವಲಬಿ. ಗಂಡ ತೀರಿಕೊಂಡ ಮೇಲೆ ಕಟ್ಟೆಗೆ ಬಂದವಳು, ಕೈ ಹಿಡಿದರೆ ಬಂಡೆ, ಬಾಯಿ ಬಿಟ್ಟರೆ ಕೊಡಲಿ. "ಕಲ್ಲಕ್ಕಂದು ನಾ ಹಿಡೀತೀನಿ," ಅಂದಳು ತಕ್ಷಣ. "ಸೋಮವಾರ ಮೂಡಣದ ಕಡಿಂದ ಯಾವುದೋ ದೊಡ್ಡ ಬಸ್ಸು ಬರೂದೈತಿ, ಅದನ್ನ ನೀವು ನೋಡ್ಕೋರಿ. ನಾ ಅಕೀ ಕೈ ಹಿಡಿದು ಕುಂಡ್ರತೀನಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಟ್ಟ ಬುದ್ಧಿ ಕೇಳಿ ಬರುತ್ತದೆಯೇ? ನನ್ನ ಆ ಕಡೆ ಕೂತವನು "ಊರ ಮಂದಿ ಹೆಂಡ್ರ ದಣಿವೆಲ್ಲ ಹೊರ್ತಾನ, ತನ್ನ ಹೆಂಡ್ತೀದು ಮಾತ್ರ ದಾವಲಬಿ ಹೊರಬೇಕು" ಎಂದು ನಕ್ಕ. ಇಡೀ ಕಟ್ಟೆ ನಕ್ಕಿತು. ನನಗೆ ಮೈ ಉರಿಯಿತು. "ನನ್ನ ಹೆಂಡ್ತೀದು ನಾನೇ ಹಿಡೀತೀನಿ," ಅಂದೆ.

ಬೂದೆಪ್ಪಜ್ಜ ಈಗ ಕೈ ಹಿಡಿಯುವುದಿಲ್ಲ, ಸುಮ್ಮನೆ ಕಟ್ಟೆಯ ತುದಿಗೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಾನೆ. ಅವನು ಕಣ್ಣು ತೆರೆದ. "ಭರಮಾ, ಕಟ್ಟಳಿ ಮರ್ತಿ ಏನು?"

"ಮರ್ತಿಲ್ಲಜ್ಜ. ಆದ್ರ ಅಕೀಗೇನು ದಣಿವಿರ್ತೈತಿ? ಮನ್ಯಾಗ ನೆರಳಿನ್ಯಾಗ ಇರಾಕಿ. ಬಿಸಿಲಿಗೆ ಕುಂಡ್ರೋರು ನಾವು."

ದಾವಲಬಿ ನನ್ನ ಮುಖ ನೋಡಿದಳು. ಏನೋ ಅನ್ನಲು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡಳು. ಅವಳು ಮಾತು ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಆತು, ಹಿಡಿ," ಅಂದ ಅಜ್ಜ. "ನೀ ನೆರಳಿನ್ಯಾಗ ಏನೈತಿ ಅಂತ ನೋಡಬೇಕು ಅಂದ್ರ ನಾವ್ಯಾಕ ಬ್ಯಾಡ ಅನ್ನೋಣ."

ಸೋಮವಾರ ಬೆಳಿಗ್ಗೆ ಕಲ್ಲವ್ವ ದೊಡ್ಡ ಮಗಳ ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆ ಉಟ್ಟು, ಎರಡು ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು, ಕೋಲು ಹಿಡಿದು ಬಂದಳು. ನಾನೇ ಕೈ ಹಿಡಿಯುವವನು ಎಂದು ಕೇಳಿ ನಿಂತಳು. "ಬ್ಯಾಡ್ರಿ. ನನ್ನ ಮನಸ್ಸು ಒಪ್ಪವಲ್ದು."

"ನಿನಗ ಮ್ಯಾಲ ಹೋಗಬೇಕೋ ಬ್ಯಾಡೋ?"

ಅವಳು ಕೋಟೆಯ ಕಡೆ ನೋಡಿದಳು. ಆಸೆ ಅನ್ನುವುದು ಐವತ್ತರ ಹೆಂಗಸಿನ ಮುಖದಲ್ಲೂ ಅಷ್ಟು ಚೆಲುವಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೈ ಚಾಚಿದಳು. ಜನರ ಎದುರಿಗೆ ನಾವು ಕೈ ಹಿಡಿದದ್ದು ಧಾರೆಯ ಹೊತ್ತು ಬಿಟ್ಟರೆ ಇದೇ. "ನನ್ನ ದಣಿವು ಹಿಡೀರಿ," ಅಂದಳು. "ಹಿಡಿದೆ, ಹೋಗಿ ಬಾ," ಅಂದೆ. ಕಟ್ಟೆಯವರು ಸೀಟಿ ಹೊಡೆದರು. ಅವಳು ನಾಚಿ, ಸೆರಗು ಸರಿ ಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಮೊದಲ ಬಾಗಿಲಿನ ತನಕ ಹೂವು ಹೊತ್ತಷ್ಟು ಹಗುರ. ಮೊಣಕಾಲಿನ ದೆಸೆಯಿಂದ ಅವಳು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ನೋವು ನಮ್ಮ ಕಡೆ ಬರುವುದಿಲ್ಲ, ಆದರೆ ದಣಿವಿಲ್ಲದ ಕಾಲಿಗೆ ನೋವೂ ಕಮ್ಮಿ. ನಾನು ಮೀಸೆ ತಿರುವಿ ಕಟ್ಟೆಯ ಉದ್ದಕ್ಕೂ ನೋಡಿದೆ. "ಏನಜ್ಜ, ನಿನ್ನ ಸೋದರಮಾವ ಅಂಥಾ ಮೆತ್ತಗಿನಾಂವ ಇದ್ನೇನು?" ಎಂದು ಕೇಳಿದೆ.

ಬುರುಜು ದಾಟಿದ ಮೇಲೆ ಹಿಮ್ಮಡಿ ಉರಿಯತೊಡಗಿತು. ಮೆಟ್ಟಿಲಿನ ದಣಿವು ಹಿಮ್ಮಡಿಗೆ ಬರುವುದಿಲ್ಲ, ಅದು ನಿಂತ ದಣಿವು. ನಮ್ಮ ಕಸುಬಿನವರಿಗೆ ದಣಿವನ್ನು ಮುಟ್ಟಿ ನೋಡಿದರೆ ಸಾಕು, ಅದರ ಊರು ಕೇರಿ ತಿಳಿಯುತ್ತದೆ. ಇದು ಒಲೆಯ ಮುಂದೆ ನಿಂತದ್ದು, ಒಂದೇ ಕಡೆ ಕಾವು ತಗುಲಿದೆ, ಮೂರು ದಿನದ್ದು. ಹಿಂದಿನ ವರ್ಷ ಚಿಕ್ಕ ಮಗಳ ಮದುವೆ. ಅಡುಗೆಯವನು ಕೈ ಕೊಟ್ಟಾಗ ಕಲ್ಲವ್ವ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಆರುನೂರು ಜನರಿಗೆ ಬೇಯಿಸಿದ್ದಳು. ನಾನು ಆ ಮೂರು ದಿನ ಚಪ್ಪರದಲ್ಲಿ ಕುಳಿತು ಬೀಗರ ಜೊತೆ ಎಲೆಯಡಿಕೆ ಹಾಕಿಕೊಂಡು, ಮದುವೆ ಎಷ್ಟು ಸಲೀಸಾಗಿ ನಡೆಯಿತು ಎಂದು ಹೊಗಳಿಸಿಕೊಂಡಿದ್ದೆ.

ಅದು ಇಳಿಯುವ ಮೊದಲೇ ಕಣ್ಣಿಗೆ ಬಂತು. ಕಣ್ಣುಗುಡ್ಡೆಯ ಹಿಂದೆ ಮರಳು ತುಂಬಿದ ಹಾಗೆ. ದೊಡ್ಡ ಮಗಳ ಬಾಣಂತನ. ಕೂಸು ಮೂರು ತಿಂಗಳು ಹಗಲು ಮಲಗಿ ರಾತ್ರಿ ಅಳುತ್ತಿತ್ತು. ನನಗೆ ಎಚ್ಚರವಾಗಬಾರದೆಂದು ಅವಳು ಕೂಸನ್ನು ಎತ್ತಿಕೊಂಡು ಹಿತ್ತಲಲ್ಲಿ ಓಡಾಡುತ್ತಿದ್ದಳಂತೆ. ನನಗೆ ಎಚ್ಚರವಾಗಿರಲಿಲ್ಲ. ಆಮೇಲೆ ಸೊಂಟಕ್ಕೆ ಒಂದು ಭಾರ ಬಂದು ಕೂತಿತು, ಮುಟ್ಟಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನ ಅವ್ವ. ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಕೊನೆಯ ದಿನ ಅವಳನ್ನು ಎತ್ತಿದವನು ನಾನು, ಹಾಗಾಗಿ ಅವಳ ತೂಕ ನನಗೆ ಗೊತ್ತು. ಅದಕ್ಕೂ ಮೊದಲು ದಿನಕ್ಕೆ ಎಂಟು ಸಲ ಎತ್ತಿ ಇಳಿಸಿದವಳು ಕಲ್ಲವ್ವ. ಆ ಎಂಟು ಸಲಗಳೆಲ್ಲ ಈಗ ಬಂದವು.

ಎಂಟು ವರ್ಷದಷ್ಟು ಹಿಂದಕ್ಕೆ ಹೋಗಿದ್ದೆ. ಮಧ್ಯಾಹ್ನವಾಗಿತ್ತು. ಬೆನ್ನು ಕಟ್ಟೆಗೆ ಅಂಟಿತ್ತು. ದೊಡ್ಡ ಬಸ್ಸಿನ ಪ್ರವಾಸಿಗಳು ಬಂದು ನನ್ನ ಫೋಟೋ ತೆಗೆದುಕೊಂಡು ಹೋದರು. ಈ ಸಲ ನಗಿ ಎಂದು ಯಾರೂ ಅನ್ನಲಿಲ್ಲ.

"ಎಲ್ಲಿಗೆ ಬಂದಾಳ?" ಎಂದು ದಾವಲಬಿ ಕೇಳಿದಳು. ತೊಡೆ ಮುಟ್ಟಿ ನೋಡಿಕೊಂಡೆ. ಎತ್ತರದ ಮೆಟ್ಟಿಲು ಮುಗಿದಿದ್ದವು, ಅರಮನೆಯ ಅಂಗಳದಲ್ಲಿ ಮೆಲ್ಲಗೆ ಅಡ್ಡಾಡುತ್ತಿದ್ದಳು. "ಮುಟ್ಯಾಳ," ಅಂದೆ. ಅಂದಾಗ ಒಂದು ಗಳಿಗೆ ಎಲ್ಲ ಮರೆತು ಸಂತೋಷವಾಯಿತು. ನನ್ನ ಕಲ್ಲಿ ಅರಮನೆಯಲ್ಲಿದ್ದಾಳೆ. ಇಪ್ಪತ್ತೆಂಟು ವರ್ಷಕ್ಕೆ ಮುಟ್ಟಿದಳು.

ಆದರೆ ಇನ್ನೊಂದು ದಣಿವಿತ್ತು, ಅದರ ಗುರುತು ಮಾತ್ರ ಹತ್ತುತ್ತಿರಲಿಲ್ಲ. ಬೆಳಗಿನಿಂದಲೂ ಬರುತ್ತಿತ್ತು. ಮದುವೆಯ ದಣಿವಿನ ಜೊತೆಗೂ ಇತ್ತು, ಬಾಣಂತನದ ಜೊತೆಗೂ, ಅವ್ವನ ಜೊತೆಗೂ. ಪ್ರತಿ ಅಡುಗೆಯಲ್ಲಿ ಉಪ್ಪಿರುವ ಹಾಗೆ ಎಲ್ಲದರಲ್ಲೂ ಅದು ಇದ್ದೇ ಇತ್ತು. ಎರಡೂ ಕೈಯ ಹೆಬ್ಬೆರಳಿನ ಬುಡದಲ್ಲಿ ಹುಟ್ಟಿ ಮುಂಗೈಗೆ ಏರುತ್ತಿತ್ತು. ರೊಟ್ಟಿ ಬಡಿದರೆ ಅಂಗೈ ದಣಿಯುತ್ತದೆ, ಬಟ್ಟೆ ಹಿಂಡಿದರೆ ಮಣಿಕಟ್ಟು. ಹೆಬ್ಬೆರಳು ದಿನದಿನವೂ ದಣಿಯುವಂಥ ಕೆಲಸ ನನ್ನ ಮನೆಯಲ್ಲಿ ಯಾವುದಿದೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೆಬ್ಬೆರಳನ್ನು ದಾವಲಬಿಗೆ ತೋರಿಸಿದೆ.

ಅವಳು ಮುಟ್ಟಿ ನೋಡಿದಳು. "ಇದು ನನಗ ಗೊತ್ತೈತಿ ಭರಮಣ್ಣ. ನನಗ ತಿಕ್ಕೋರು ಯಾರೂ ಇಲ್ಲಲ್ಲ, ನಾನೇ ತಿಕ್ಕೋತೀನಿ. ಇದು ಕಾಲು ತಿಕ್ಕೋ ದಣಿವು."

ನನ್ನ ಕಾಲು. ಇಪ್ಪತ್ತೇಳು ವರ್ಷ ಊರವರ ದಣಿವನ್ನು ನಾನು ಹೊತ್ತೆ ಎಂದು ತಿಳಿದಿದ್ದೆ. ಹಗಲೆಲ್ಲ ಹಿಡಿದು ಸಂಜೆ ಅವಳ ಕೈಗೆ ದಾಟಿಸಿ, ಹಗುರಾಗಿ ಮಲಗುತ್ತಿದ್ದೆ. ಅವಳು ಯಾರ ಕೈ ಹಿಡಿದು ಏನನ್ನಬೇಕಿತ್ತು? ಅಳು ಬಂತು. ಅತ್ತೆ. ಹದಿಮೂರು ಜನರ ಎದುರಿಗೆ, ಪ್ರವಾಸಿಗಳ ಎದುರಿಗೆ, ಮೂಗು ಸೋರುವಂತೆ ಅತ್ತೆ.

ಬೂದೆಪ್ಪಜ್ಜ ಕೋಲೂರಿಕೊಂಡು ನನ್ನ ಹತ್ತಿರ ಬಂದ. "ಎದ್ದುಬಿಡು ಭರಮಾ. ಹಿಂಗ ಕುಂತ್ರ ನೀ ಉಳಿಯಾಂಗಿಲ್ಲ. ಅಕಿ ಮ್ಯಾಲ ಮುಟ್ಟಿದ್ಲಲ್ಲ, ನೋಡೂದು ನೋಡಿದ್ಲು. ಡೋಲಿ ಕಳಿಸಿ ಇಳಿಸಿಕೊಂಡು ಬರೋಣಂತ."

ಸುಳ್ಳು ಹೇಳುವುದಿಲ್ಲ, ಏಳಬೇಕೆನಿಸಿತು. ಕಟ್ಟೆಯಿಂದ ಕೆಳಕ್ಕೆ ಒಂದೂವರೆ ಮೊಳ. ಜಾರಿದರೆ ಸಾಕು, ಎಲ್ಲವೂ ಹೋಗುತ್ತದೆ. ಹೋಗುವುದು ಎಲ್ಲಿಗೆ? ಅವಳು ಮೇಲೆ ಯಾವುದೋ ಕಿಟಕಿಯಲ್ಲಿ ನಿಂತು ಬಯಲು ನೋಡುತ್ತಿರುತ್ತಾಳೆ. ಇಷ್ಟು ವರ್ಷದ ದಣಿವು, ಅದರ ಮೇಲೆ ಇಷ್ಟೊಂದು ಮೆಟ್ಟಿಲಿನದು, ಒಂದೇ ಏಟಿಗೆ ಬೆನ್ನಿಗೆ ಬೀಳುತ್ತದೆ. ಇಪ್ಪತ್ತೆಂಟು ವರ್ಷ ಕಾದು ಹತ್ತಿದ ಅರಮನೆಯಲ್ಲಿ ಅವಳು ಕಂಡದ್ದು ಅದೊಂದೇ ಆಗುತ್ತದೆ.

"ಏಳಾಂಗಿಲ್ಲ," ಅಂದೆ. "ನನ್ನ ಮ್ಯಾಲ ನನಗ ನಂಬಿಕಿ ಇಲ್ಲ ಅಜ್ಜ. ಕಟ್ಟಿ ಹಾಕ್ರಿ."

ದಾವಲಬಿ ಬಸ್ಸಿನ ಜಾಗದಲ್ಲಿದ್ದ ಜೀಪಿನವರಿಂದ ಸಾಮಾನು ಬಿಗಿಯುವ ಹಗ್ಗ ತಂದಳು. ಹುಣಸೆಮರದ ಬೊಡ್ಡೆಗೂ ನನ್ನ ಎದೆಗೂ ಸೇರಿಸಿ ಮೂರು ಸುತ್ತು ಸುತ್ತಿ ಗಂಟು ಹಾಕಿದಳು. ಅವಳಿಗೆ ಕೈ ಕೊಟ್ಟಿದ್ದ ಪ್ರವಾಸಿ ಆಗಲೇ ಇಳಿದು ಹೋಗಿದ್ದ. ಮನೆಗೆ ಹೋಗದೆ ನನ್ನ ಪಕ್ಕ ಕೂತು ಬಾಯಿಗೆ ನೀರು ಹನಿಸಿದಳು. ನಾನು ತೂಕಡಿಸಿದರೆ ಮೊಣಕೈಯಿಂದ ತಿವಿದಳು. ಹನ್ನೊಂದು ವರ್ಷದ ಹಿಂದಿನ ನೀರಿನ ಕೊಡಗಳು ಬರತೊಡಗಿದವು; ಆ ವರ್ಷ ಊರಿನ ನಳ ಕೆಟ್ಟು ಹಳ್ಳದಿಂದ ನೀರು ತರಬೇಕಾಗಿತ್ತು. ನಾನು ಸ್ನಾನಕ್ಕೆ ಎರಡು ಕೊಡ ಸುರಿದುಕೊಳ್ಳುತ್ತಿದ್ದೆ. ಆ ಎರಡೂ ಕೊಡ ಬಂದವು, ದಿನಕ್ಕೆ ಎರಡರಂತೆ.

ಬಿಸಿಲು ಇಳಿಯಿತು. ಹತ್ತಿದವರೆಲ್ಲ ಇಳಿದರು. ಬಸ್ಸು ಹೋಯಿತು. ಕಲ್ಲವ್ವ ಮಾತ್ರ ಬರಲಿಲ್ಲ. ಕಟ್ಟೆಯವರು ಯಾರೂ ಮನೆಗೆ ಹೋಗದೆ ಮೆಟ್ಟಿಲಿನ ಕಡೆ ಕಣ್ಣಿಟ್ಟು ಕೂತರು. ಕಡೆಗೆ ಕೊನೆಯ ತಿರುವಿನಲ್ಲಿ ಹಸಿರು ಸೀರೆ ಕಂಡಿತು. ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು, ಏನನ್ನೋ ಗುನುಗುತ್ತ ಇಳಿಯುತ್ತಿದ್ದಳು. ಕೊನೆಯ ಮೆಟ್ಟಿಲು ದಾಟಿ ನೆಲಕ್ಕೆ ಕಾಲಿಟ್ಟಾಗ ನನ್ನೊಳಗೆ ಸುರಿಯುತ್ತಿದ್ದದ್ದು ನಿಂತಿತು. ದಾವಲಬಿ ಗಂಟು ಬಿಚ್ಚಿದಳು. ನಾನು ಮೂಟೆಯಂತೆ ಪಕ್ಕಕ್ಕೆ ವಾಲಿದೆ. ಆಮೇಲೆ ಹತ್ತೊಂಬತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಹಗ್ಗ ನೋಡಿ ಕಲ್ಲವ್ವನಿಗೆ ಎಲ್ಲ ತಿಳಿಯಿತು. ಅವಳು ಅಳಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಚಹಾದ ಅಂಗಡಿಯವನ ತಳ್ಳುಗಾಡಿ ಕೇಳಿ ತಂದಳು. ನಾಲ್ಕು ಜನ ನನ್ನನ್ನು ಎತ್ತಿ ಅದರ ಮೇಲೆ ಮಲಗಿಸಿದರು. ತಾವೇ ತಳ್ಳುತ್ತೇವೆ ಎಂದು ಅವರು ಮುಂದೆ ಬಂದರೆ, "ಬ್ಯಾಡ ಬಿಡ್ರಿ, ನನಗ ಈಗ ಏನೂ ದಣಿವಿಲ್ಲ" ಎಂದು ತಾನೇ ತಳ್ಳಿಕೊಂಡು ಹೊರಟಳು.

ದಾರಿಯಲ್ಲಿ ಹೇಳಿದಳು. ರಾಣಿಕೊಳದಲ್ಲಿ ಕೆಂಪು ಮೀನಿವೆ. ಗಾಳಿಗುಡಿಯಲ್ಲಿ ದೇವರೇ ಇಲ್ಲ, ಬರೀ ಗಾಳಿ. ಸೂರ್ಯನ ಬಂಡೆಯಿಂದ ಎಂಟು ಸಾಲು ಬೆಟ್ಟ ಕಾಣುತ್ತವೆ. ಎಂಟನೆಯದರ ಹಿಂದೆ ಬೆಳ್ಳಗೆ ಏನೋ ಇದೆ, ಹಿಮವೋ ಮೋಡವೋ ಎಂದು ಇಬ್ಬರು ಪ್ರವಾಸಿಗಳು ಜಗಳ ಹಚ್ಚಿಕೊಂಡಿದ್ದರು. "ಮತ್ತ ಕಿಟಕಿ?" ಎಂದು ಕೇಳಿದೆ.

"ತೊಂಬತ್ತೇಳ ಅದಾವ ಅಷ್ಟ. ನಾಲ್ಕೂ ಕಡೆ ಸುತ್ತಿ ಎಣಿಸಿದೆ. ನೂರು ಅಂತ ಯಾರೋ ಬಾಯಿಗೆ ಬಂದಂಗ ಅಂದಾರ. ನಾ ಹಿತ್ತಲಾಗ ನಿಂತು ಎಣಿಸಿದ್ದ ಖರೇ ಇತ್ತು." ಆ ಮಾತಿನಲ್ಲಿದ್ದ ಹೆಮ್ಮೆ ರಾಜರಿಗೂ ಇದ್ದಿರಲಾರದು.

ಇನ್ನಷ್ಟು ದೂರ ತಳ್ಳಿದಳು. "ಒಂದು ಹೇಳ್ಲೇನು? ಬೈಬಾರ್ದು. ಬುರುಜಿನ ಹತ್ರನ ನನಗ ಗೊತ್ತಾತು. ಹಿಮ್ಮಡಿ ಹಗುರಾತು, ಆಮ್ಯಾಲ ಕಣ್ಣು, ಆಮ್ಯಾಲ ಸೊಂಟ. ಇವೆಲ್ಲಾ ಎಲ್ಲಿ ಹೊಂಟಾವ ಅಂತ ತಿಳೀತು. ಬೇಗ ಇಳಿದು ಹೋಗಬೇಕು ಅಂತ ಎದ್ದೆ." ಗಾಡಿಯ ಚಕ್ರ ಕಲ್ಲಿಗೆ ಸಿಕ್ಕಿತು, ಬಿಡಿಸಿಕೊಂಡಳು. "ಆಮ್ಯಾಲ, ಇರ್ಲಿ ಬಿಡು, ಇನ್ನೊಂದು ತಾಸು ಕೂಡೋಣ ಅಂತ ಕುಂತೆ."

ನಗಬೇಕೆನಿಸಿತು. ನಗಲು ಕೂಡ ಪಕ್ಕೆಯಲ್ಲಿ ಬಲವಿರಲಿಲ್ಲ. "ಚಲೋ ಮಾಡಿದಿ," ಅಂದೆ. ಅದು ಮನಸ್ಸಿನಿಂದ ಬಂದ ಮಾತು. "ಆದ್ರೂ ಹನ್ನೊಂದು ವರ್ಷದ್ದಷ್ಟ ಬಂದೈತಿ ಕಲ್ಲಿ. ಹಳ್ಳದ ನೀರಿನ ತನಕ ಬಂದು ನಿಂತೈತಿ. ಇನ್ನೂ ಹದಿನೇಳು ವರ್ಷದ್ದು ನಿನ್ನಲ್ಲೇ ಉಳಿದೈತಿ. ನಾ ಎದ್ದು ಓಡಾಡೂವಂಗ ಆದ ಮ್ಯಾಲ, ನಿನ್ನ ಮೊಣಕಾಲು ಇರೂದ್ರೊಳಗ, ಇನ್ನೊಮ್ಮಿ ಹತ್ತು. ಅದನ್ನೂ ಹಿಡೀತೀನಿ."

ನಮ್ಮ ಓಣಿಯ ಮೂಲೆ ತಿರುಗಿಸಿ, ಮನೆಯ ಮುಂದೆ ಗಾಡಿ ನಿಲ್ಲಿಸಿದಳು.

"ಹತ್ತತೀನಿ," ಅಂದಳು. "ಹದಿನಾರು ವರ್ಷದ್ದು ಹಿಡೀರಿ. ಮೊದಲನೇ ವರ್ಷದ್ದು ಮಾತ್ರ ಮುಟ್ಟಬ್ಯಾಡ್ರಿ. ಈ ಮನಿ ಕಟ್ಟುವಾಗ ಇಬ್ಬರೂ ಕೂಡಿ ಮಣ್ಣು ಹೊತ್ತಿದ್ದು ಅದು. ಅದನ್ನ ನಾ ಯಾರಿಗೂ ಕೊಡಾಂಗಿಲ್ಲ, ನಿಮಗೂ ಕೊಡಾಂಗಿಲ್ಲ."

ಆಯಿತು ಅಂದೆ. ನಮ್ಮ ಬಾಗಿಲು ಕಿರಿದು, ಗಾಡಿ ಒಳಗೆ ಹೋಗುವುದಿಲ್ಲ. ಅವಳು ಬಾಗಿಲನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಎತ್ತಿಕೊಂಡು ಒಳಗೆ ನಡೆದಳು.